ಬೀಗರೂಟದ ಬಾಟಲಿ

ಗ್ಲಾಸು ಕೈಯಿಂದ ಜಾರಿತೆಂಬುದು ಚೆನ್ನಯ್ಯನಿಗೆ ತಿಳಿದದ್ದು ಅದು ಜಲ್ಲಿಯ ಮೇಲೆ ಬಿದ್ದು ಒಡೆದ ಸದ್ದಿನಿಂದ. ಬಗ್ಗಿ ನೋಡಿದ. ಬಲಗೈ, ಯಾರೋ ಭುಜಕ್ಕೆ ತೂಗುಹಾಕಿ ಮರೆತುಹೋದ ಚೀಲದ ಹಾಗೆ ನೇತಾಡುತ್ತಿತ್ತು.

"ಬಿಡಿ ಬೀಗ್ರೆ, ಭೂಮ್ತಾಯಿಗೂ ಒಂದು ಪೆಗ್ ಬೇಕಲ್ವಾ," ಎಂದ ಸಿದ್ದರಾಜು. ಸುತ್ತ ನಿಂತವರು ನಕ್ಕರು.

'ಕೈ ಸೋತು ಹೋಯ್ತು, ಹಿಡ್ಕೊಳ್ಳಿ' ಎನ್ನಬೇಕೆಂದು ಚೆನ್ನಯ್ಯ ಬಾಯಿ ತೆರೆದ. ಮಾತೆಲ್ಲ ತಲೆಯೊಳಗೆ ಸಾಲಾಗಿ, ಅಚ್ಚುಕಟ್ಟಾಗಿ ನಿಂತಿತ್ತು. ಹೊರಗೆ ಬಂದದ್ದು ಮಾತ್ರ, "ಆಯ್ತು."

ಅವನಿಗೇ ಆಶ್ಚರ್ಯವಾಯಿತು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿ ನೋಡಿದ. "ಆಯ್ತು. ಆಯ್ತು."

"ಇಷ್ಟಕ್ಕೇ ಆಯ್ತಾ? ಕ್ಯಾಂಟೀನ್ ರಮ್ಮು ಒಬ್ರೇ ಹೊಡುದ್ರೆ ಹಿಂಗೇ ಆಗೋದು ನೋಡಿ. ನಮಗೂ ಒಂದೊಂದು ಹನಿ ಕೊಟ್ಟಿದ್ರೆ ಭಾರ ಹಂಚ್ಕತಿದ್ವಿ."

ಈ ಕ್ಯಾಂಟೀನ್ ರಮ್ಮಿನ ಮೇಲೆ ಸಿದ್ದರಾಜುವಿಗೆ ಬೆಳಗಿನಿಂದ ಅಸಮಾಧಾನವಿತ್ತು. ಅವನ ಮಗ ಲೋಹಿತನಿಗೂ ಚೆನ್ನಯ್ಯನ ಮಗಳು ದಿವ್ಯಶ್ರೀಗೂ ಹಿಂದಿನ ವಾರ ಮದುವೆಯಾಗಿತ್ತು. ಇವತ್ತು ಹೆಣ್ಣಿನ ಕಡೆಯವರು ಸೋಮವಾರಪೇಟೆಯಲ್ಲಿ ಕೊಡುತ್ತಿದ್ದ ಬೀಗರೂಟ. ಮಂಟಪದೊಳಗೆ ಎರಡನೇ ಪಂಕ್ತಿಗೆ ಮುದ್ದೆ, ಮಟನ್ ಸಾರು ಬೀಳುತ್ತಿತ್ತು. ಬೀಗರೂಟದ ಇನ್ನರ್ಧ, ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗದ ಅರ್ಧ, ಮಂಟಪದ ಹಿಂದೆ ಚೆನ್ನಯ್ಯನ ಜೀಪಿನ ಹಿಂಬಾಗಿಲಲ್ಲಿ ನಡೆಯುತ್ತಿತ್ತು. ಕುಶಾಲನಗರದಿಂದ ಬಂದ ಬೀಗರಿಗೆಲ್ಲ ಅಂಗಡಿಯ ಬಾಟಲಿಗಳು. ಚೆನ್ನಯ್ಯನ ಗ್ಲಾಸಿಗೆ ಮಾತ್ರ ಅವನ ಗೆಳೆಯ ಕುಟ್ಟಪ್ಪ, ಸೀಟಿನ ಕೆಳಗೆ ಪೇಪರಿನಲ್ಲಿ ಸುತ್ತಿಟ್ಟ ಬೇರೆ ಬಾಟಲಿಯಿಂದ ಬಗ್ಗಿಸುತ್ತಿದ್ದ. ಕೇಳಿದವರಿಗೆ, "ಮಿಲಿಟರಿ ಕ್ಯಾಂಟೀನ್ ಕೋಟಾದ್ದು, ಒಂದೇ ಬಾಟ್ಲಿ ಇರೋದು, ಅಣ್ಣಂಗೆ ಅಂತ ತಂದಿದೀನಿ" ಎಂದಿದ್ದ. ಹೆಣ್ಣು ಕೊಟ್ಟವನು ಒಳ್ಳೆಯದನ್ನು ತನಗಿಟ್ಟುಕೊಂಡು ಬೀಗರಿಗೆ ಸಾದಾ ಮಾಲು ಹಂಚುವುದೆಂದರೇನು? ಸಿದ್ದರಾಜು ಬಾಯಿಬಿಟ್ಟು ಜಗಳವಾಡಿರಲಿಲ್ಲ, ಅಷ್ಟೇ.

ಆ ಬಾಟಲಿಯಲ್ಲಿದ್ದದ್ದು ಹಾಲು ಹಾಕದ ತಣ್ಣನೆಯ ಟೀ.

ಚೆನ್ನಯ್ಯ ಕುಡಿಯುವುದನ್ನು ಬಿಟ್ಟು ಕೆಲವು ತಿಂಗಳಾಗಿತ್ತು. ಮಾದಾಪುರದ ತನ್ನ ನರ್ಸರಿಯಲ್ಲಿ ಒಂದು ಬೆಳಿಗ್ಗೆ ಕಣ್ಣು ಕತ್ತಲಿಟ್ಟು ಕೂತಾಗ ಕುಟ್ಟಪ್ಪನೇ ಮಡಿಕೇರಿಗೆ ಕರೆದುಕೊಂಡು ಹೋಗಿದ್ದ. ಬಿ.ಪಿ. ನೋಡಿದ ಡಾಕ್ಟರ್ ಶೋಭಿತಾ, ಮಾತ್ರೆ ಬರೆದುಕೊಟ್ಟು, ರಮ್ಮು ಬಿಡಿಸಿ, ಕಡೆಗೊಂದು ಮಾತು ಹೇಳಿದ್ದಳು. ಮಿದುಳಿಗೆ ರಕ್ತ ನಿಂತರೆ ನಡುವಿನ ಒಂದಿಷ್ಟು ಜೀವಕೋಶ ಆಗಲೇ ಸಾಯುತ್ತವೆ, ಅದಕ್ಕೆ ಯಾರೂ ಏನೂ ಮಾಡಲಾಗದು. ಆದರೆ ಅದರ ಸುತ್ತ ಇನ್ನೊಂದಿಷ್ಟು, ಸಾಯದೆ ಬದುಕದೆ ಕಾಯುತ್ತಿರುತ್ತವೆ. ಬೇಗ ಬಂದರೆ ಅವನ್ನು ಉಳಿಸಬಹುದು. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ, ಮನೆಯಲ್ಲಿ ಕೂತು ಎಣ್ಣೆ ತಿಕ್ಕಬೇಡಿ.

ಚೆನ್ನಯ್ಯನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿರಲಿಲ್ಲ. ನರ್ಸರಿಯಲ್ಲಿ ಪೈಪು ಕಟ್ಟಿಕೊಂಡ ದಿನ ಪಾತಿಯ ನಡುವಿನ ಕಾಫಿ ಸಸಿಗಳು ಮಧ್ಯಾಹ್ನಕ್ಕೇ ಕರಕಲಾಗುತ್ತವೆ. ಸುತ್ತಲಿನವು ತಲೆ ತಗ್ಗಿಸಿ ನಿಂತಿರುತ್ತವೆ. ಸಂಜೆಯೊಳಗೆ ನೀರು ಬಿದ್ದರೆ ಏನೂ ಆಗೇ ಇಲ್ಲವೆಂಬಂತೆ ಎದ್ದುಬಿಡುತ್ತವೆ. ಬೀಳದಿದ್ದರೆ ಮರುದಿನ ಎಷ್ಟು ಹೊಯ್ದರೂ ಸಸಿಚೀಲದ ಮಣ್ಣಷ್ಟೇ ಒದ್ದೆ.

ಕುಡಿತ ಬಿಟ್ಟದ್ದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಬಿಡುತ್ತೇನೆಂದು ಹೇಳಿ ಬಿಟ್ಟಾಗಲೆಲ್ಲ ಅವನು ಮತ್ತೆ ಹಿಡಿದಿದ್ದ. ದೇವರ ಮುಂದೆ, ಅತ್ತೆಯ ತಿಥಿಯಲ್ಲಿ, ಮಗಳ ತಲೆ ಮುಟ್ಟಿ. ಈ ಸಲ ಹೇಳದೆ ಬಿಟ್ಟರೆ ನಿಲ್ಲಬಹುದೇನೋ ಎಂದುಕೊಂಡಿದ್ದ. ನಿಂತಿತ್ತು ಕೂಡ. ಆದರೆ ಬೀಗರು ಎತ್ತಿದ ಗ್ಲಾಸಿಗೆ ಗ್ಲಾಸು ತಾಗಿಸದಿದ್ದರೆ ಮಗಳು ಹೋಗಿ ಸೇರುವ ಮನೆಯಲ್ಲಿ ಅದೊಂದು ಮಾತಾಗುತ್ತದೆ. ಟೀ ಕುಟ್ಟಪ್ಪನ ಉಪಾಯ. ಕುಟ್ಟಪ್ಪನ ಉಪಾಯಗಳು ಅಲ್ಲಿಯವರೆಗೆ ಯಾರನ್ನೂ ಕೊಂದಿರಲಿಲ್ಲ.

ಬಲ ಮೊಣಕಾಲು ಮಡಚಿಕೊಂಡಿತು. ನಾಲ್ಕು ಜನ ಹಿಡಿದುಕೊಂಡರು.

"ಅತ್ತಿಗೇರನ್ನ ಕರೀರಿ," ಎಂದರು ಯಾರೋ.

ಉಷಾರಾಣಿ ಬಂದಳು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಂಬೂಲದ ಚೀಲಗಳನ್ನು ಮೊಣಕೈಗೆ ಹಾಕಿಕೊಂಡೇ ಬಂದಳು. ಗಂಡನ ಬಾಯಿಯ ಹತ್ತಿರ ಮೂಗು ತಂದಳು. ಚೆನ್ನಯ್ಯನಿಗೆ ಜೀವ ಬಂದಂತಾಯಿತು: ಮೂಸಲಿ, ಸರಿಯಾಗಿ ಮೂಸಲಿ, ಟೀ ವಾಸನೆ ಇವಳಿಗಾದರೂ ತಿಳಿದೀತು.

"ಏಲಕ್ಕಿ," ಎಂದಳು ಉಷಾರಾಣಿ.

ಹೌದು, ಏಲಕ್ಕಿ. ಕುಡಿದ ದಿನ ವಾಸನೆ ಮುಚ್ಚಲು ಬಾಯಿಗೆ ಹಾಕಿಕೊಳ್ಳುತ್ತಿದ್ದ ಏಲಕ್ಕಿಯನ್ನು ಅವನು ಕುಡಿತದ ಜೊತೆ ಬಿಟ್ಟಿರಲಿಲ್ಲ. ಚಟವಾಗಿಹೋಗಿತ್ತು. ಅವಳ ಲೆಕ್ಕದಲ್ಲಿ ರಮ್ಮಿಗಿಂತ ಏಲಕ್ಕಿಯೇ ದೊಡ್ಡ ಸಾಕ್ಷಿ.

"ಇವತ್ತೊಂದಿನ ಬಿಡಕ್ಕಾಗ್ಲಿಲ್ವಾ ನಿಮಗೆ?" ಅವಳು ಹಲ್ಲು ಕಚ್ಚಿ, ಬೀಗರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು. "ಬೆಳಿಗ್ಗೆಯಿಂದ ಎಷ್ಟು ಹಾಕಿದ್ರಿ? ಮಗಳು ಅಲ್ಲಿ ಅತ್ತೆ ಮನೆಯವ್ರ ಪಕ್ಕ ಕೂತು ಉಣ್ತಾ ಇದಾಳೆ. ಅವಳ ಮುಖನಾದ್ರೂ ನೋಡ್ಬಾರ್ದಾ?"

"ಆಯ್ತು," ಎಂದ ಚೆನ್ನಯ್ಯ.

"ಏನ್ ಆಯ್ತು?"

"ಆಯ್ತು. ಆಯ್ತು."

ಅವನು ಅತ್ತುಬಿಡುವುದರಲ್ಲಿದ್ದ. ಸಿದ್ದರಾಜುವಿನ ತಾಯಿ ಹುಚ್ಚಮ್ಮ, ಜೀಪಿನ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಎಲೆಗೆ ಸುಣ್ಣ ಸವರುತ್ತಿದ್ದವಳು, ಅವನ ಮುಖವನ್ನೇ ದಿಟ್ಟಿಸಿದಳು. "ನೋಡ್ಲಾ ರಾಜಾ, ನಿನ್ನ ಬೀಗ ಬಾಯಿ ಸೊಟ್ಟ ಮಾಡ್ಕಂಡು ನನ್ನ ಅಣಕುಸ್ತಾವ್ನೆ. ಮಜ್ಜಿಗೆ ಕುಡಿಸ್ರವ್ವಾ. ಹುಳಿ ಮಜ್ಜಿಗೆ ಬಿದ್ರೆ ಎಂಥ ಅಮಲಾದ್ರೂ ಇಳೀತದೆ."

ಕುಡಿದವರನ್ನು ಸಂಭಾಳಿಸುವ ವಿದ್ಯೆಯಲ್ಲಿ ಅಲ್ಲಿ ನಿಂತವರು ಯಾರೂ ಕಡಿಮೆಯಿರಲಿಲ್ಲ. ಒಬ್ಬ ತಲೆಗೆ ನೀರು ಹಾಕಿದ. ಒಬ್ಬ ಲಿಂಬೆಹಣ್ಣು ತರಲು ಒಳಗೆ ಓಡಿದ. ಮಜ್ಜಿಗೆಯ ಲೋಟ ಬಾಯಿಗೆ ಬಂತು. ಚೆನ್ನಯ್ಯ ಮುಖ ತಿರುಗಿಸಿದ. ಗಲ್ಲ ಹಿಡಿದು ತಿರುಗಿಸಿ ಹೊಯ್ದರು. ಒಂದು ಪಾಲು ಗಂಟಲಿಗೆ ಹೋಗಿ ಉಸಿರು ಕಟ್ಟಿ ಕೆಮ್ಮು ಹತ್ತಿತು, ಉಳಿದದ್ದು ಬಾಯಿಯ ಬಲ ಮೂಲೆಯಿಂದ ಹೊಸ ಬಿಳಿ ಅಂಗಿಯ ಮೇಲೆ ಇಳಿಯಿತು. ಅದನ್ನು ಒರೆಸಿಕೊಳ್ಳಬೇಕೆಂದು ಬಲಗೈಗೆ ಅಪ್ಪಣೆ ಕೊಟ್ಟ. ಬಲಗೈ ಕೇಳಿಸಿಕೊಳ್ಳಲಿಲ್ಲ.

"ಹೊಟ್ಟೆಗೆ ಹೋಗ್ಲಿಲ್ಲ. ಬಿಡಿ, ಮಲಗಿಸಿ. ಒಂದು ನಿದ್ದೆ ಮಾಡಿ ಎದ್ರೆ ಸರಿ ಹೋಗ್ತಾರೆ," ಎಂದ ಸಿದ್ದರಾಜು. ಅವನ ದನಿಯಲ್ಲಿ ಈಗ ನಿಜವಾದ ಪ್ರೀತಿ ಇತ್ತು. ಬೀಗನೊಬ್ಬ ತನಗಿಂತ ಮೊದಲು ಬಿದ್ದದ್ದು ಅವನಿಗೆ ಸಮಾಧಾನ ತಂದಿತ್ತು.

ಜೀಪಿನ ಹಿಂಭಾಗದಲ್ಲಿ ಜಮಖಾನ ಹಾಸಿ ಮಲಗಿಸಿದರು. ನಿದ್ದೆ ಮಾಡಲಿ ಎಂದು ಟಾರ್ಪಾಲಿನ ಪರದೆಯನ್ನೂ ಅರ್ಧ ಇಳಿಸಿದರು. ಚೆನ್ನಯ್ಯ ನಿದ್ದೆ ಮಾಡಲಿಲ್ಲ. ಬದುಕಿನಲ್ಲಿ ಇಷ್ಟು ಎಚ್ಚರವಾಗಿ ಅವನು ಎಂದೂ ಇರಲಿಲ್ಲ. ಹೊರಗೆ ಸೋಡಾ ಬಾಟಲಿ ತೆರೆದ ಸದ್ದು, ಯಾರದೋ ಕರಿಮೆಣಸಿನ ರೇಟಿನ ಮಾತು, ಪಂಕ್ತಿಯಲ್ಲಿ ಸಾರು ಬಡಿಸುವವರ ಕೂಗು, ಎಲ್ಲವೂ ಒಂದೂ ಬಿಡದೆ ಕೇಳಿಸುತ್ತಿತ್ತು. ತಲೆಯೊಳಗೆಲ್ಲೋ ಸಸಿಗಳು ಒಂದೊಂದಾಗಿ ತಲೆ ತಗ್ಗಿಸುತ್ತಿದ್ದವು. ಈ ಸಾಲು ಹೋಯಿತು, ಈಗ ಪಕ್ಕದ ಸಾಲು. ಒಂದು ಕೂಗು ಹಾಕಿದರೆ ಮುಗಿಯುವ ಕೆಲಸ. ಅರವತ್ತು ವರ್ಷ ಬೇಕಾದ್ದಕ್ಕೂ ಬೇಡವಾದ್ದಕ್ಕೂ ಕೂಗಿದ ಬಾಯಿ ಇದು.

ಎಡಗೈ ಇನ್ನೂ ಅವನದೇ ಆಗಿತ್ತು. ಸೀಟಿನ ಕೆಳಗೆ ತಡಕಾಡಿದ. ಪೇಪರು ಸಿಕ್ಕಿತು, ಪೇಪರಿನೊಳಗೆ ಬಾಟಲಿಯ ಕುತ್ತಿಗೆ ಸಿಕ್ಕಿತು. ಎಳೆದುಕೊಂಡು, ಪರದೆಯ ಸಂದಿಯಿಂದ ಹೊರಗೆ ಚಾಚಿ ಅಲ್ಲಾಡಿಸಿದ.

ಹೊರಗೆ ದೊಡ್ಡ ನಗು ಎದ್ದಿತು. "ಇನ್ನೂ ಬೇಕಂತೆ!"

ಯಾರೋ ಬಾಟಲಿಗೆ ಕೈ ಹಾಕಿದರು. ಚೆನ್ನಯ್ಯ ಬಿಡಲಿಲ್ಲ. ಎಳೆದಾಟ ನಡೆದಿರುವಾಗಲೇ ಪೇಟೆಗೆ ಐಸು ತರಲು ಹೋಗಿದ್ದ ಕುಟ್ಟಪ್ಪ ಬಂದ. ಟೀ ಬಾಟಲಿ ಚೆನ್ನಯ್ಯನದು, ಉಳಿದ ಬಾಟಲಿಗಳಿಗೆ ಕುಟ್ಟಪ್ಪ ಬೆಳಗಿನಿಂದ ನ್ಯಾಯ ಸಲ್ಲಿಸಿದ್ದ. ಐಸಿನ ಚೀಲ ಅವನನ್ನು ಒಂದು ಕಡೆಗೆ ಎಳೆಯುತ್ತಿತ್ತು.

"ಅಣ್ಣ ಯಾಕೆ ಮಲಗಿದ್ದು?" ಪರದೆ ಎತ್ತಿ ಮುಖ ನೋಡಿದವನು ಚೀಲವನ್ನು ಕೆಳಗೆ ಬಿಟ್ಟ. "ಅಯ್ಯೋ. ಇವ್ರು ಕುಡ್ದಿಲ್ಲ. ಕುಡಿಯೋದೇ ಇಲ್ಲ. ಅದ್ರಲ್ಲಿ ಟೀ ಇರೋದು, ನಾನೇ ಕಾಸಿ ತುಂಬಿದ್ದು."

"ಓತಿಕ್ಯಾತಂಗೆ ಬೇಲಿ ಸಾಕ್ಷಿ," ಎಂದ ಸಿದ್ದರಾಜು. "ಬೆಳಿಗ್ಗೆ ಮಿಲಿಟರಿ ಕೋಟಾ ಅಂದೆ, ಈಗ ಟೀ ಅಂತೀಯ. ಸಂಜೆಗೆ ತೀರ್ಥ ಅಂತೀಯ ನೀನು. ನಡಿ, ನೀನೂ ಅವ್ರ ಪಕ್ಕ ಮಲಿಕೊ."

"ಸತ್ಯವಾಗ್ಲೂ ಟೀ ಬೀಗ್ರೆ. ಮಡಿಕೇರಿ ಡಾಕ್ಟ್ರು ಹೇಳಿದ್ರು, ಬಾಯಿ ಸೊಟ್ಟ ಆದ್ರೆ..." ಕುಟ್ಟಪ್ಪನ ನಾಲಿಗೆ ಮಡಚಿಕೊಂಡು ಮುಂದಿನದು ಯಾರಿಗೂ ಅರ್ಥವಾಗಲಿಲ್ಲ. ಕುಡಿದವನ ತೊದಲೂ ಕುಡಿಯದವನ ತೊದಲೂ ಅಕ್ಕಪಕ್ಕ ಒಂದೇ ಥರ ಕೇಳಿಸಿದವು. ನಕ್ಕವರು ಇನ್ನಷ್ಟು ನಕ್ಕರು.

ಉಷಾರಾಣಿ ನಗಲಿಲ್ಲ. ಅವಮಾನದಿಂದ ಕಿವಿ ಕೆಂಪಾಗಿ, ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು, "ಕೊಡಿ ಇಲ್ಲಿ" ಎಂದು ಕೈಚಾಚಿದಳು. ಅಲ್ಲಿಯವರೆಗೆ ನಾಲ್ವರ ಕೈಗೆ ಬಿಡದ ಬಾಟಲಿಯನ್ನು ಚೆನ್ನಯ್ಯ ಅವಳ ಕೈಗೆ ಇಟ್ಟ. ಇಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದ.

ಅವಳು ನಿಂತುಬಿಟ್ಟಳು. ಇಷ್ಟು ವರ್ಷದ ಸಂಸಾರದಲ್ಲಿ ಅವನ ಬಾಟಲಿಗಳನ್ನು ಅವಳು ಅಕ್ಕಿ ಡ್ರಮ್ಮಿನಿಂದ, ಗೊಬ್ಬರದ ಮೂಟೆಗಳ ಸಂದಿಯಿಂದ, ಒಮ್ಮೆ ದೇವರ ಕೋಣೆಯ ಅಟ್ಟದಿಂದ ಹುಡುಕಿ ತೆಗೆದಿದ್ದಳು. ಅವನಾಗಿ ಕೈಗೆ ಕೊಟ್ಟದ್ದು ಒಂದೂ ಇರಲಿಲ್ಲ.

ಗಂಡನ ಮುಖ ನೋಡಿದಳು. ಒಂದು ಕಣ್ಣಿನಿಂದ ಮತ್ತೊಂದು ಕಣ್ಣಿಗೆ ನೋಡಿದಳು. ಆಮೇಲೆ ಮುಚ್ಚಳ ತಿರುಗಿಸಿ, ಬೀಗರ ಎದುರಿಗೆ, ಹುಚ್ಚಮ್ಮನ ಎದುರಿಗೆ, ರಮ್ಮಿನ ಬಾಟಲಿಯನ್ನು ಎತ್ತಿ ಬಾಯಿಗೆ ಹಿಡಿದು ಗಟಗಟನೆ ಕುಡಿದಳು.

ಹುಚ್ಚಮ್ಮನ ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು. ಲಿಂಬೆಹಣ್ಣು ತಂದವನು ಬಾಗಿಲಲ್ಲೇ ನಿಂತ.

"ಟೀ," ಎಂದಳು ಉಷಾರಾಣಿ. ಮೊಣಕೈಯಲ್ಲಿದ್ದ ತಾಂಬೂಲದ ಚೀಲಗಳು ಜಲ್ಲಿಯ ಮೇಲೆ ಉದುರಿ ತೆಂಗಿನಕಾಯಿಗಳು ಉರುಳಿದವು. "ಟೀ ಕಣ್ರೀ ಇದು. ಲೋಹಿತ್ ಎಲ್ಲಿ? ಲೋಹಿತನ್ನ ಕರೀರಿ."

ಹಿರಿಯರೆದುರು ಕುಡಿಯಬಾರದೆಂಬ ಒಂದೇ ಕಾರಣಕ್ಕೆ ಆ ಮಂಟಪದಲ್ಲಿ ಗಾಡಿ ಓಡಿಸುವ ಸ್ಥಿತಿಯಲ್ಲಿದ್ದ ಗಂಡಸು ಮದುಮಗನೊಬ್ಬನೇ. ಅರ್ಧ ಉಂಡ ಕೈ ತೊಳೆದು ಓಡಿ ಬಂದ. ಹಿಂದೆಯೇ ದಿವ್ಯಶ್ರೀ ಬಂದು, ಅಪ್ಪನನ್ನು ನೋಡಿ, ಏನೂ ಕೇಳದೆ ಮುಂದಿನ ಸೀಟು ಹತ್ತಿದಳು. "ಮದುಮಕ್ಕಳು ಎಲೆ ಮುಂದಿಂದ ಏಳಬಾರ್ದು ಕಣ್ರೋ," ಎಂದ ಹುಚ್ಚಮ್ಮನ ಮಾತು ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಸಿದ್ದರಾಜು ಕಿಟಕಿಗೆ ಬಂದು ನಿಂತ. "ಬೀಗ್ರೆ, ಒಂದು ಮಾತು ಹೇಳಿದ್ರೆ ನಾನೂ ಟೀನೇ ಕುಡೀತಿದ್ನಲ್ಲ," ಎಂದ. ಅದನ್ನು ಯಾರೂ ನಂಬಲಿಲ್ಲ. ಆದರೂ ಅವನ ಕಣ್ಣಲ್ಲಿ ನೀರಿತ್ತು.

ಮಡಿಕೇರಿಯ ದಾರಿ ತಿರುವುಗಳದೇ ದಾರಿ. ಲೋಹಿತ್ ಹಾರ್ನಿನಿಂದ ಕೈ ತೆಗೆಯದೆ ಓಡಿಸುತ್ತಿದ್ದ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಉಷಾರಾಣಿ ದಾರಿಯುದ್ದಕ್ಕೂ ಬೈದಳು. "ನಂಗಾದ್ರೂ ಹೇಳ್ಬಾರ್ದಿತ್ತಾ? ಕುಡಿದಾಗ ಕದ್ದು ಕುಡುದ್ರಿ, ಬಿಟ್ಟಾಗ್ಲೂ ಕದ್ದು ಬಿಡಬೇಕಿತ್ತಾ? ಆ ಕುಟ್ಟಪ್ಪಂಗೆ ಗೊತ್ತು, ನಂಗೆ ಗೊತ್ತಿಲ್ಲ. ನಾನು ಏಲಕ್ಕಿ ಮೂಸ್ಕೊಂಡು ಕೂತಿದ್ದೆ."

"ಆಯ್ತು," ಎಂದ ಚೆನ್ನಯ್ಯ.

"ಸುಮ್ನಿರಿ."

ಮಾದಾಪುರ ಬಂತು. ಪರದೆಯ ಸಂದಿಯಲ್ಲಿ ಅವನ ನರ್ಸರಿಯ ಹಸಿರು ನೆರಳುಬಲೆ ಕಾಣಿಸಿತು, ಅದರಡಿಯಲ್ಲಿ ಸಾಲಾಗಿ ನಿಂತ ಕರಿ ಚೀಲಗಳ ಸಸಿ. ಮಧ್ಯಾಹ್ನದ ಬಿಸಿಲು ಇನ್ನೂ ಇತ್ತು. ಪೈಪು ಬಿಟ್ಟಿದ್ದಾರೋ ಇಲ್ಲವೋ ನೋಡಬೇಕೆಂದು ಕತ್ತೆತ್ತಿದ. ಅಷ್ಟರಲ್ಲಿ ತಿರುವು ಬಂದು ರಸ್ತೆ ಬದಿಯ ಧರೆ ಎಲ್ಲವನ್ನೂ ಮರೆಮಾಡಿತು.

ಬೈದು ಬೈದು ಉಷಾರಾಣಿಯ ಗಂಟಲು ಒಣಗಿತ್ತು. ಬಾಟಲಿ ಇನ್ನೂ ಅವಳ ಕೈಯಲ್ಲೇ ಇತ್ತು. ಮುಚ್ಚಳ ತೆಗೆದು ಒಂದು ಗುಟುಕು ಕುಡಿದಳು. ಸೆರಗಿನ ತುದಿಯಿಂದ ಅವನ ಬಾಯಿಯ ಬಲ ಮೂಲೆಯನ್ನು ಒರೆಸಿದಳು.

"ಸಕ್ಕರೆ ಜಾಸ್ತಿ," ಎಂದಳು.