ಶಿರಾದ ಸ್ಟೆಬಿಲೈಸರ್ ಶೆಡ್ಡು

ಕೈಗಾರಿಕಾ ಇಲಾಖೆಯ ಸಂಜೀವಯ್ಯನಿಗೆ ಶಿರಾದಿಂದ ಪಾವಗಡಕ್ಕೆ ವರ್ಗವಾದ ಮೇಲೂ ಎಂಬತ್ತೊಂದರ ಆ ಬೇಸಿಗೆ ನೆನಪಾದರೆ ಮುಖ ಅರಳುತ್ತಿತ್ತು. ತಾಂತ್ರಿಕ ವಿದ್ಯೆ ಬೇಡುವ ಕೈಗಾರಿಕೆಗಳು ಹಿಂದುಳಿದ ತಾಲ್ಲೂಕುಗಳಿಗೂ ಬರಲಿ ಎಂದು ಸರ್ಕಾರ ಅಗ್ಗದ ಶೆಡ್ಡು, ಐದು ವರ್ಷದ ತೆರಿಗೆ ಮಾಫಿ ಘೋಷಿಸಿತ್ತು. ಬೆಂಗಳೂರಿನ ಎಷ್ಟೋ ಬಾಗಿಲು ತಟ್ಟಿ ಕೊನೆಗೆ ಅವನು ಶಿರಾಕ್ಕೆ ಕರೆತಂದದ್ದು ಸರಸಮ್ಮನನ್ನು. ಮಧುಗಿರಿಯ ಹುಡುಗಿ, ಎಲೆಕ್ಟ್ರಾನಿಕ್ಸ್ ಓದಿದವಳು; ವೋಲ್ಟೇಜ್ ಸ್ಟೆಬಿಲೈಸರ್ ತಯಾರಿಸುವ ಹಂಬಲ ಅವಳಿಗೆ.

ಇಬ್ಬರೂ ಖಾಲಿ ಶೆಡ್ಡಿನಲ್ಲಿ ನಿಂತಿದ್ದಾಗ ಬಲ್ಬು ಮಂಕಾಗಿ, ಮತ್ತೆ ಭಗ್ಗನೆ ಉರಿಯಿತು. ಪಟ್ಟ ಪಾಡೆಲ್ಲ ನೀರಲ್ಲಿ ಹೋಮವಾಯಿತೆಂದುಕೊಂಡ ಸಂಜೀವಯ್ಯ.

"ದಿನಾ ಇಂಗೇನಾ?" ಎಂದಳು ಸರಸಮ್ಮ.

"ಇಲ್ಲ ಮೇಡಂ, ಇವತ್ತೇನೋ..."

"ನಿಜ ಹೇಳಿ."

"ದಿನಾ ಇಂಗೇ."

ಅವಳು ನಕ್ಕುಬಿಟ್ಟಳು. "ಅಂಗಾರೆ ಇಲ್ಲಿಗೇ ಬತ್ತೀನಿ. ಇಂಥ ಕೆಟ್ಟ ಕರೆಂಟು ಬೆಂಗಳೂರಲ್ಲಿ ಎಲ್ಲಿ ಸಿಕ್ತದೆ? ಇಲ್ಲಿ ತಡ್ಕೊಂಡ ಡಬ್ಬ ಎಲ್ಲಾದ್ರೂ ತಡ್ಕೊಳ್ತದೆ."

ಗೌಡಗೆರೆ ಬಸ್ಸಿನಲ್ಲಿ ಕೆಂಪಕ್ಕ ಮತ್ತವಳ ಗೆಳತಿಯರು ಕೆಲಸಕ್ಕೆ ಬರತೊಡಗಿದರು. ಕುರಿ ಕಾಯುವ ಮನೆಯ ಹೆಣ್ಣುಮಕ್ಕಳು ತಾಮ್ರದ ತಂತಿ ಸುತ್ತುವುದನ್ನು ಕಲಿತರು. ಮಧ್ಯಾಹ್ನ ರಾಗಿರೊಟ್ಟಿ, ಕಡ್ಲೆಕಾಯಿ ಚಟ್ನಿ ಹಂಚಿಕೊಂಡು ಉಂಡಮೇಲೆ ಸರಸಮ್ಮ ಕರಿಹಲಗೆಯ ಮೇಲೆ ಕರೆಂಟು ಹರಿಯುವ ದಾರಿ ಬರೆದು ತೋರಿಸುತ್ತಿದ್ದಳು. ತಪಾಸಣೆಯ ನೆಪದಲ್ಲಿ ಬಂದ ಸಂಜೀವಯ್ಯನೂ ಹಿಂದಿನ ಸಾಲಲ್ಲಿ ಕೂರುತ್ತಿದ್ದ. ಅವನ ನೌಕರಿಯಲ್ಲಿ ಅಂಥ ಕಾಲ ಮತ್ತೆ ಬರಲಿಲ್ಲ.

ಐದು ವರ್ಷ ಮುಗಿಯಿತು. ಗಡಿಯಾಚೆಯ ಆಂಧ್ರದಲ್ಲಿ ಹೊಸ ರಿಯಾಯಿತಿ ಸಿಗುತ್ತದೆ, ಅಲ್ಲಿಗೇ ಹೋಗೋಣವೆಂದು ಸರಸಮ್ಮನ ಪಾಲುದಾರರು ಪಟ್ಟು ಹಿಡಿದರು. ಸಂಜೀವಯ್ಯ ಬೆಂಗಳೂರಿಗೆ ಓಡಿ, ಮೇಲಧಿಕಾರಿಯ ಮುಂದೆ ನಿಂತ.

"ಹೊಸದಾಗಿ ಬರೋರಿಗೆ ಸ್ಕೀಮಿದೆ ರೀ. ಇರೋರಿಗೆ ಏನೂ ಇಲ್ಲ."

"ಇರೋರು ಹೊಂಟೋದ್ರೆ ಸಾರ್?"

"ವಾಪಸ್ ಬಂದ್ರೆ ಹೊಸಬರ ಲೆಕ್ಕಕ್ಕೆ ಬರ್ತಾರೆ."

ಅಧಿಕಾರಿ ತಮಾಷೆಗೆ ಹೇಳಿದ್ದಲ್ಲ.

ಲಾರಿಗೆ ಸಾಮಾನು ಏರಿದ ದಿನ ಸರಸಮ್ಮ ಕೆಂಪಕ್ಕನನ್ನೂ ಜೊತೆಗೆ ಬರಲು ಕರೆದಳು.

"ಕಲ್ಸಿದ್ದು ನನ್ತಾವೇ ಐತಲ್ಲಕ್ಕಾ," ಎಂದಳು ಕೆಂಪಕ್ಕ. "ನಾ ಇಲ್ಲೇ ಇರ್ತೀನಿ. ನೀ ಬ್ಯಾಸ್ರ ಮಾಡ್ಕಬ್ಯಾಡ."

ಸರಸಮ್ಮ ತಂತಿ ಸುತ್ತುವ ಯಂತ್ರವೊಂದನ್ನು ಲಾರಿಯಿಂದ ಇಳಿಸಿ ಅವಳಿಗೇ ಬಿಟ್ಟುಹೋದಳು. ಸಂಜೀವಯ್ಯ ಖಾಲಿ ಶೆಡ್ಡಿಗೆ ಬೀಗ ಹಾಕಿ, ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟ.

ಎಂಬತ್ತೊಂಬತ್ತರಲ್ಲಿ ಅವನು ಪಾವಗಡದಿಂದ ಕೆಲಸದ ಮೇಲೆ ಶಿರಾಕ್ಕೆ ಬಂದಾಗ ಬಸ್‌ಸ್ಟ್ಯಾಂಡಿನ ಪಕ್ಕ ಯಾರೋ ಕೂಗಿ ಕರೆದರು. ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳ ನಡುವೆ ಕೆಂಪಕ್ಕ ಅದೇ ಯಂತ್ರದಲ್ಲಿ ಹೊಸ ತಂತಿ ಸುತ್ತುತ್ತ ಕೂತಿದ್ದಳು, ಜೊತೆಗೆ ಹಳೆಯ ಗೆಳತಿಯರಿಬ್ಬರು. ಕೊರಟಗೆರೆಯಿಂದ, ನಾಗಲಮಡಿಕೆಯಿಂದಲೂ ಕೆಲಸ ಬರುತ್ತಿತ್ತು.

"ಸರ್ಕಾರದಿಂದ ಏನಾದ್ರೂ ಕೊಡ್ಸಲೇನಮ್ಮ?" ಎಂದ ಸಂಜೀವಯ್ಯ.

"ಏನೂ ಬ್ಯಾಡ, ಕೂತ್ಕಳಿ ಸಾರ್. ಸರಸಕ್ಕನ ಕಾಗ್ದ ಬಂದಿತ್ತು, ನಿಮ್ಮನ್ನ ಕೇಳವ್ಳೆ."

ಅವನು ಸ್ಟೂಲು ಎಳೆದುಕೊಂಡ. ಹಳೆಯ ಮಾತುಗಳಲ್ಲಿ ಪಾವಗಡದ ಬಸ್ಸು ಹೊರಟುಹೋದದ್ದು ಅವನಿಗೆ ತಿಳಿಯಲೇ ಇಲ್ಲ.