ಸೆಮಿಸಿಯ ಲಿವರ್‌ಗೆ ಬಿದ್ದ ತೇಪೆ

ಲಿವರ್‌ಗೆ ಕೊಟ್ಟ ಗುಳಿಗೆ ಇನ್ನು ನುಂಗಲ್ಲ ಅಂತ ಸೆಮಿಸಿ ಹಟ ಹಿಡಿದಾಗಿನಿಂದ ಅವನ ಹೆಂಡತಿ ಫುಸಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವತ್ತು ನಾವು ಹೆಂಗಸರೆಲ್ಲ ಅವಳ ಮನೆಯಲ್ಲಿ ಮರದ ತೊಗಟೆ ಬಡಿದು, ಅಂಟಿಸಿ ಬಟ್ಟೆ ಮಾಡುತ್ತಿದ್ದೆವು. ಅವಳ ಕೈ ಬಟ್ಟೆಯ ಮೇಲೆ, ಕಣ್ಣು ಬಾಗಿಲ ಮೇಲೆ. ಹೊರಗೆ ಸೆಮಿಸಿ ದೋಣಿಗೆಂದು ಬಲೆ ಸುತ್ತುತ್ತಿದ್ದ. ಸಂಜೆ ದೂರದ ದ್ವೀಪಕ್ಕೆ ಹೊರಡುವವನು.

"ರೀ, ಗುಳಿಗೆ ಡಬ್ಬಿ ಇಟ್ಕೊಂಡ್ರಾ?" ಫುಸಿ ಕೂಗಿದಳು.

"ಯಾಕೆ? ಲಿವರ್‌ನಲ್ಲಿ ಗಾಯದ ಕಲೆ ಇದೆ ಅಂದ್ರಲ್ಲ ಡಾಕ್ಟ್ರು! ಕಲೆ ಬಿತ್ತು ಅಂದ್ರೆ ಗಾಯ ವಾಸಿಯಾಯ್ತು ಅಂತ. ನನ್ನ ಕಾಲು ನೋಡು, ಹವಳದ ಬಂಡೆ ಕೊಯ್ದು ಎಷ್ಟು ಕಲೆ! ಒಂದಕ್ಕಾದ್ರೂ ಗುಳಿಗೆ ನುಂಗಿದ್ನಾ?"

ನರ್ಸ್ ಲತಾಯಿ ನಮ್ಮ ಜೊತೆಗೇ ಬಟ್ಟೆಗೆ ಅಂಟು ಸವರುತ್ತಿದ್ದಳು. ಆದರೆ ಅವಳು ಸೆಮಿಸಿಯ ಚಿಕ್ಕಪ್ಪನ ಮಗಳು. ನಮ್ಮ ಟೋಂಗಾದಲ್ಲಿ ಅಣ್ಣ-ತಂಗಿ ಮೈಯೊಳಗಿನ ವಿಷಯ ಎದುರುಬದುರು ಆಡುವ ಹಾಗಿಲ್ಲ. ಈ ಹಾಳು ಸಂಕೋಚಕ್ಕೆ ಒಂದು ಜೀವ ಹೋಗಬೇಕೇ ಎಂದು ನನಗೆ ಮೈಯೆಲ್ಲ ಉರಿಯಿತು.

"ಅಣ್ಣಂಗೆ ಹೇಳ್ಬೇಡ ಕಣೇ, ಅತ್ತಿಗೆಗೆ ಹೇಳು. ಸ್ವಲ್ಪ ಗಟ್ಟಿಯಾಗಿ ಹೇಳು!" ಅಂದೆ.

ಲತಾಯಿ ದನಿ ಏರಿಸಿದಳು. "ಅತ್ತಿಗೆ, ಈ ಬಟ್ಟೆ ತೂತಾದ್ರೆ ಏನ್ಮಾಡ್ತೀವಿ?"

"ನಾರಿನ ತೇಪೆ ಅಂಟಿಸ್ತೀವಿ," ಅಂದಳು ಫುಸಿ.

"ತೂತು ಬೀಳ್ತಾನೇ ಇದ್ರೆ? ತೇಪೆ ಮೇಲೆ ತೇಪೆ?"

"ಹಲಗೆ ಥರ ಸೆಟೆದುಕೊಳ್ಳುತ್ತೆ. ಮಡಚೋಕೂ ಬರಲ್ಲ."

"ಲಿವರೂ ಹಂಗೇ. ಹೆಪಟೈಟಿಸ್ ಬಿ ವೈರಸ್ ಗಾಯ ಮಾಡ್ತಾನೇ ಇದೆ, ಲಿವರ್ ನಾರಿನ ತೇಪೆ ಹಾಕ್ತಾನೇ ಇದೆ. ಡಾಕ್ಟ್ರು ಹೇಳಿದ ಕಲೆ ಅದೇ. ಹಿಂಗೆ ನಾರು ಅತಿಯಾಗಿ ಬೆಳೆಯೋದಕ್ಕೇ ಫೈಬ್ರೋಸಿಸ್ ಅನ್ನೋದು. ಗುಳಿಗೆ ಆ ವೈರಸ್ಸನ್ನ ಅದುಮಿಡುತ್ತೆ. ಬೇಗ ಹಿಡಿದ್ರೆ ನಾರು ಕಮ್ಮಿನೂ ಆಗ್ಬಹುದು. ಮಧ್ಯೆ ಬಿಟ್ರೆ ಲಿವರ್ರೇ ಕೈ ಕೊಡುತ್ತೆ, ಅತ್ತಿಗೆ. ನಂಗೆ ಭಯ ಆಗ್ತಿದೆ."

ಹೊರಗೆ ಬಲೆಯ ಸದ್ದು ನಿಂತಿತು. ಸೆಮಿಸಿ ಬಾಗಿಲಿಗೆ ಬಂದ. ತಂಗಿಯತ್ತ ನೋಡದೆ ಹೆಂಡತಿಗೆ ಹೇಳಿದ, "ನಿನ್ನ ನಾದಿನೀನ ಕೇಳು, ಗುಳಿಗೆ ಬಿಟ್ಟಿದ್ದಕ್ಕೆ ಈಗೇನು ಮಾಡೋದು ಅಂತ."

"ಇವತ್ತೇ ಡಾಕ್ಟ್ರನ್ನ ನೋಡ್ಬೇಕಂತೆ ಅನ್ನು, ಅತ್ತಿಗೆ. ಈ ವೈರಸ್ ಮನೆಯವರಿಗೂ ಅಂಟಿರಬಹುದು, ನೀನೂ ಮಕ್ಕಳೂ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ," ಅಂದಳು ಲತಾಯಿ, ಬಟ್ಟೆಗೇ ಹೇಳುವಂತೆ.

"ಸರಿ, ನಡಿ. ಮೀನು ಎಲ್ಲಿಗೆ ಓಡಿಹೋಗುತ್ತೆ!" ಸೆಮಿಸಿ ಗೊಣಗಿದ. ಫುಸಿ ಅಂಟುಗೈಯಲ್ಲೇ ಎದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಡಾಕ್ಟರು ಫೈಬ್ರೋಸಿಸ್ ಎಂದರೆ ತಲೆಯಾಡಿಸಿ ಎದ್ದು ಬರಬೇಡಿ. ಅರ್ಥವಾಗುವ ತನಕ ಕೇಳಿ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಹುಟ್ಟಿದ ಕೂಡಲೇ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಎದುರು ನಿಂತು ಕೇಳಲು ನಾಚಿಕೆಯೇ? ಹಾಗಾದರೆ ಗೋಡೆಯಾಚೆ ನಿಂತು ಕೇಳಿ. ಆದರೆ ಕೇಳಿ.