ಮೂಗಣ್ಣನ ನಾಲ್ಕು ಬಾಟಲಿಗಳು

ಕಾರ್ಪೆಟ್ ತೊಳೆಯುವವನಿಗೆ ಮೂಗಣ್ಣ ಎಂದು ಹೆಸರು ಬಿದ್ದು ಹದಿನೆಂಟು ವರ್ಷವಾಗಿತ್ತು. ಮೂಗೇನೂ ಅಷ್ಟು ದೊಡ್ಡದಲ್ಲ, ಅದು ಮಾಡುತ್ತಿದ್ದ ಕೆಲಸ ದೊಡ್ಡದು. ಕಲೆಯ ಮೇಲೆ ಬಗ್ಗಿ ಒಂದು ಸಲ ಉಸಿರೆಳೆದರೆ ಸಾಕು, ಲಿಪ್‌ಸ್ಟಿಕ್ಕೋ, ಉಗುರಿನ ಬಣ್ಣವೋ, ಮುಖಕ್ಕೆ ಹಚ್ಚುವ ಫೌಂಡೇಶನ್ನೋ ಎಂದು ಹೇಳಿಬಿಡುತ್ತಿದ್ದ. ಒಂದೊಂದಕ್ಕೆ ಒಂದೊಂದು ಮದ್ದು. ‘ಕಲೆ ತೆಗೆಯುವುದೂ ಒಂದು ಕಲೆ’ ಎಂದು ಕಾರ್ಡು ಅಚ್ಚು ಹಾಕಿಸಿದ್ದ. ಅದನ್ನು ಓದಿ ಯಾರಾದರೂ ನಗದಿದ್ದರೆ, ಸರಿಯಾಗಿ ಓದಿಲ್ಲವೇನೋ ಎಂದು ಇನ್ನೊಂದು ಕಾರ್ಡು ಕೊಡುತ್ತಿದ್ದ.

ಮೂರು ವಾರದ ಹಿಂದೆ ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೂಗಣ್ಣ ಯಾರಿಗೂ ಹೇಳಲಿಲ್ಲ. ಹೆಂಡತಿಗಂತೂ ಇಲ್ಲವೇ ಇಲ್ಲ. ಗಿರಾಕಿಗಳ ಫೋನು ಎತ್ತುವವಳು, ವಿಳಾಸ ಬರೆದುಕೊಳ್ಳುವವಳು, ಟವಲು ಒಗೆಯುವವಳು, ಬಾಟಲಿ ತುಂಬಿಸಿ ಕಳಿಸುವವಳು ಅವಳೇ. ಮೂಗು ಹೋಯಿತು ಎಂದು ಬಾಯಿಬಿಟ್ಟರೆ ಹದಿನೆಂಟು ವರ್ಷದ ಕೆಲಸಕ್ಕೆ ತಾನೇ ಬೀಗ ಜಡಿದ ಹಾಗೆ ಎಂದುಕೊಂಡ. ಮೂಗಿನ ವಿಷಯದಲ್ಲಿ ಮೂಗಣ್ಣ ಮೂಗನೇ ಆಗಿಬಿಟ್ಟ.

ಇದರಲ್ಲಿ ಇನ್ನೊಂದು ತೊಡಕಿತ್ತು. ಅವನ ಪೆಟ್ಟಿಗೆಯಲ್ಲಿ ನಾಲ್ಕು ಬಾಟಲಿ. ನಾಲ್ಕೂ ಒಂದೇ ಅಳತೆ, ಒಂದೇ ಬಿಳಿ ಮುಚ್ಚಳ, ಒಳಗೆ ನಾಲ್ಕೂ ನೀರಿನ ಹಾಗೆ ತಿಳಿ. ಒಂದು ಸ್ಪಿರಿಟ್, ಒಂದು ಅಸಿಟೋನ್, ಒಂದು ಡ್ರೈಕ್ಲೀನಿಂಗ್ ದ್ರವ, ಒಂದು ವಿನೆಗರ್. ಹೆಸರು ಬರೆದು ಅಂಟಿಸೋಣ ಎಂದು ಹೆಂಡತಿ ಕೇಳಿದಾಗಲೆಲ್ಲ, “ಚೀಟಿ ಓದಿ ಬಾಟಲಿ ಎತ್ತೋನು ಕಂಪೌಂಡರು ಕಣೇ. ನಾನು ಮೂಸಿ ಎತ್ತೋನು” ಎಂದು ಮೂಗು ಮುರಿದಿದ್ದ. ಈ ಮೂರು ವಾರ ಸೋಪುನೀರಿನಲ್ಲಿ ಮುಗಿಯುವ ಕೆಲಸಗಳೇ ಬಂದು ಹೇಗೋ ಬಚಾವಾಗಿದ್ದ.

ಇವತ್ತು ಬಂದದ್ದು ಮೂರನೇ ಮಹಡಿಯ ಮನೆ. ಹಾಲಿನ ತುಂಬ ಕೆನೆಬಣ್ಣದ ಉಣ್ಣೆ ಕಾರ್ಪೆಟ್ಟು. ಕಿಟಕಿಯ ಪಕ್ಕ, ಅಂಗೈಯಗಲ, ಕಂದು ಕಲೆ. ಅಂಚು ಹರಡಿಕೊಂಡಿತ್ತು. ಯಾರೋ ನೀರು ಹಾಕಿ ಉಜ್ಜಿ ಸೋತಿದ್ದಾರೆ ಎಂದು ಕಣ್ಣಿಗೇ ತಿಳಿಯಿತು. ಅಭ್ಯಾಸಬಲದಿಂದ ಮೂಗಣ್ಣ ಮಂಡಿಯೂರಿ ಉಸಿರೆಳೆದ. ಗೋಡೆ ಮೂಸಿದ ಹಾಗಾಯಿತು.

“ಏನಮ್ಮಾ ಚೆಲ್ಲಿದ್ದು?” ಎಂದು ಬಾಗಿಲು ತೆಗೆದ ಆ ಮನೆಯ ಅತ್ತೆಯನ್ನು ಕೇಳಿದ.

ಅತ್ತೆ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಒಂದೊಂದು ಮಾತನ್ನೂ ರಬ್ಬರಿನ ಹಾಗೆ ಎಳೆಯುವವರು. “ನಂದೇಪ್ಪಾ... ಲಿಪ್‌ಸ್ಟಿಕ್ಕು. ಕೈ ಜಾರಿ ಬಿತ್ತು, ನೋಡ್ದೆ ತುಳಿದ್ಬಿಟ್ಟೇಪ್ಪಾ... ನನ್ನ ಸೊಸೆಗೆ ಮಾತ್ರ ಹೇಳ್ಬೇಡ.”

ಅವರ ತುಟಿ ಹುಟ್ಟಿದಾರಭ್ಯ ಲಿಪ್‌ಸ್ಟಿಕ್ಕಿನ ಮುಖ ಕಂಡ ಹಾಗಿರಲಿಲ್ಲ. “ಕಂದು ಲಿಪ್‌ಸ್ಟಿಕ್ಕಾ ಅಮ್ಮ?”

“ಈಗ ಎಲ್ಲಾ ಬಣ್ಣದಲ್ಲೂ ಬರುತ್ತಂತಲ್ಲಪ್ಪಾ...”

ಅವರು ಬಕೆಟ್ಟು ತರಲು ಹೋದದ್ದೇ ತಡ, ಸೊಸೆ ಬಂದಳು. ಇವಳದು ಮಾತಲ್ಲ, ಹೊಲಿಗೆ ಮಷೀನು. “ಅತ್ತೆ ಏನಂದ್ರು, ಏನೇ ಅಂದಿದ್ರೂ ನಂಬ್ಬೇಡಿ, ಅದು ನೇಲ್ ಪಾಲಿಶ್, ನಂದೇ, ಬಾಟ್ಲಿ ಉರುಳೋಯ್ತು, ಅತ್ತೆಗೆ ಹೇಳ್ಬೇಡಿ, ಬೇಗ ತೆಗೆದುಬಿಡಿ, ಆಯ್ತಾ?”

ಮೂಗಣ್ಣ ಅವಳ ಉಗುರು ನೋಡಿದ. ಮೋಟಾಗಿ ಕತ್ತರಿಸಿದ ಬೋಳು ಉಗುರು.

“ಅಳಿಸಿಬಿಟ್ಟೆ,” ಎಂದು ಕೈ ಬೆನ್ನ ಹಿಂದೆ ಹಾಕಿಕೊಂಡಳು.

ಮೂಗಣ್ಣನ ತಲೆ ಗಿರ್ರೆಂದಿತು. ಲಿಪ್‌ಸ್ಟಿಕ್ಕಾದರೆ ಸ್ಪಿರಿಟ್. ನೇಲ್ ಪಾಲಿಶಾದರೆ ಅಸಿಟೋನ್. ನೇಲ್ ಪಾಲಿಶ್ ಅಲ್ಲದ್ದಕ್ಕೆ ಅಸಿಟೋನ್ ಸುರಿದರೆ ಅದು ಕೆಳಗಿಳಿದು, ಕಾರ್ಪೆಟ್ಟಿನ ಬೆನ್ನಿನ ಅಂಟನ್ನೇ ಕರಗಿಸಿ ಕೂರುತ್ತದೆ. ಆಮೇಲೆ ಕಲೆಯ ಜಾಗದಲ್ಲಿ ಗುಳ್ಳೆ, ಗಿರಾಕಿಯ ಬಾಯಲ್ಲಿ ಬೈಗುಳ, ಊರ ಬಾಯಲ್ಲಿ ಮೂಗಣ್ಣ. ಕಲೆ ಯಾವುದು ಎಂದು ಇಬ್ಬರೂ ನಿಜ ಹೇಳುತ್ತಿಲ್ಲ. ಹೇಳಿದರೂ ನಾಲ್ಕರಲ್ಲಿ ಯಾವುದು ಯಾವ ಬಾಟಲಿ ಎಂದು ಅವನಿಗೇ ಗೊತ್ತಿಲ್ಲ.

ಅತ್ತೆ ಬಕೆಟ್ಟು ಹಿಡಿದು ಬರುವಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ನಾಲ್ಕೂ ಬಾಟಲಿ ಸಾಲಾಗಿಟ್ಟು, ಮುಚ್ಚಳ ತೆಗೆದು, ದೊಡ್ಡ ತಜ್ಞನ ಗತ್ತಿನಲ್ಲಿ ಹೇಳಿದ: “ಕೆಲವ್ರಿಗೆ ಈ ವಾಸನೆ ಆಗಿಬರಲ್ಲ, ತಲೆನೋವು ಬರುತ್ತೆ. ಇಬ್ರೂ ದೂರದಿಂದ ಒಂದೊಂದ್ಸಲ ಮೂಸಿ, ಹ್ಯಾಗಿದೆ ಹೇಳಿ.”

ಅತ್ತೆ ಮೊದಲನೆಯದನ್ನು ಮೂಸಿದರು. “ನನ್ನ ತಂಗಿ ಹೆರಿಗೆಗೆ ಹೋಗಿದ್ದಾಗ ಹೀಗೇ ಇತ್ತಪ್ಪಾ...”

ಆಸ್ಪತ್ರೆ, ಅಂದರೆ ಸ್ಪಿರಿಟ್. ಮೂಗಣ್ಣ ಒಳಗೊಳಗೇ ಚಪ್ಪಾಳೆ ತಟ್ಟಿದ.

ಸೊಸೆ ಅದನ್ನೇ ಇಸಿದುಕೊಂಡು ಮೂಸಿದಳು. “ಇಲ್ಲ ಅತ್ತೆ, ಇದು ಹೊಸ ಚಪ್ಪಲಿ ಅಂಗಡಿ.”

“ಚಪ್ಪಲಿ ಅಂಗಡಿ ಇದು ನೋಡೇ,” ಎಂದು ಅತ್ತೆ ಎರಡನೆಯದನ್ನು ಕೊಟ್ಟರು. ಮೂರನೆಯದನ್ನು ಮೂಸಿ, “ಇದೂ ತಂಗಿ ಹೆರಿಗೆನೇ,” ಎಂದರು.

“ಎರಡನೇ ಹೆರಿಗೆ ಇರ್ಬೇಕು,” ಎಂದಳು ಸೊಸೆ.

ಬಾಟಲಿಗಳು ಈ ಕೈಯಿಂದ ಆ ಕೈಗೆ, ಆ ಕೈಯಿಂದ ನೆಲಕ್ಕೆ ಓಡಾಡಿದವು. ಅವರ ಚರ್ಚೆ ಮುಗಿಯುವ ಹೊತ್ತಿಗೆ ಮೊದಲನೆಯದು ಯಾವುದು, ಮೂರನೆಯದು ಯಾವುದು ಎಂಬುದೂ ಕೈತಪ್ಪಿತ್ತು. ಮೂಸಿಸುವುದಕ್ಕೆ ಮುಂಚೆ ಅವನಿಗೆ ಏನೂ ಗೊತ್ತಿರಲಿಲ್ಲ. ಈಗ ಅದಕ್ಕಿಂತಲೂ ಕಡಿಮೆ ಗೊತ್ತಿತ್ತು.

“ಇಬ್ರೂ ಸ್ವಲ್ಪ ಒಳಗೆ ಹೋಗ್ತೀರಾ? ಪಾಪ, ಆತ ಕೆಲಸ ಮಾಡ್ಲಿ.”

ಮಾವ ಕೋಣೆಯಿಂದ ಬಂದಿದ್ದರು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದವರೆಂದು ಸೊಸೆ ಫೋನಿನಲ್ಲೇ ಮೂಗಣ್ಣನ ಹೆಂಡತಿಗೆ ಹೇಳಿದ್ದಳಂತೆ. ಸೆಕೆಯಲ್ಲೂ ಕತ್ತಿನವರೆಗೆ ಗುಂಡಿ, ಅದರ ಮೇಲೆ ಮಫ್ಲರು. ಹೆಂಗಸರು ಒಳಗೆ ಹೋದ ಮೇಲೆ ಬಾಗಿಲು ಎಳೆದು, ಕಲೆಯ ಕಡೆ ಬೆರಳು ತೋರಿಸಿ ಮೆಲ್ಲಗೆ ಹೇಳಿದರು: “ಅದು ನೀರಿಗೆ ಹೋಗಲ್ಲ. ಎಣ್ಣೆ ಅಂಶ ಇದೆ.”

“ನಿಮಗೆ ಹ್ಯಾಗೆ ಗೊತ್ತಾಯ್ತಪ್ಪಾ...” ಎಂದ ಮೂಗಣ್ಣ. ತಲೆ ಕೆಟ್ಟಾಗ ಎದುರಿನವರ ದನಿಯೆಲ್ಲ ಅವನ ನಾಲಿಗೆಗೆ ಅಂಟಿಕೊಳ್ಳುತ್ತಿತ್ತು.

“ನೀನ್ಯಾಕಯ್ಯ ನನ್ನ ಹೆಂಡ್ತಿ ಥರ ಮಾತಾಡ್ತಿದೀಯ?”

“ಕ್ಷಮಿಸಿ ಸಾರ್. ಅಮ್ಮ ಲಿಪ್‌ಸ್ಟಿಕ್ ಅಂದ್ರು, ಮೇಡಂ ನೇಲ್ ಪಾಲಿಶ್ ಅಂದ್ರು. ಇಬ್ರೂ ತಮ್ಮದೇ ಅಂತಿದಾರೆ.”

ಎಳೆದ ಬಾಗಿಲನ್ನು ಮಾವ ಇನ್ನೊಮ್ಮೆ ನೋಡಿದರು. ಆಮೇಲೆ ಜೇಬಿನಿಂದ ಚಿಕ್ಕ ಗಾಜಿನ ಬಾಟಲಿ ತೆಗೆದರು. ಫೌಂಡೇಶನ್ನು, ಅರ್ಧ ಖಾಲಿ. “ಹಚ್ಚಿದ್ರೆ ಇಪ್ಪತ್ತನಾಲ್ಕು ಗಂಟೆ ನಿಲ್ಲುತ್ತೆ ಅಂತ ಬರೆದಿದಾರೆ. ಕತ್ತಿನ ಮೇಲೆ ಮಧ್ಯಾಹ್ನದವರೆಗೂ ನಿಲ್ಲಲ್ಲ. ಕಾರ್ಪೆಟ್ ಮೇಲೆ ಮೂರು ದಿನದಿಂದ ನಿಂತಿದೆ.”

ಮಫ್ಲರು ಬಿಚ್ಚಿದರು. ಕಿವಿಯ ಕೆಳಗಿನಿಂದ ಕಾಲರಿನವರೆಗೆ, ಒಂದು ಎಲೆಯ ಆಕಾರದಲ್ಲಿ ಚರ್ಮ ಬೆಳ್ಳಗಾಗಿತ್ತು.

“ಆರು ತಿಂಗಳಾಯ್ತು. ಅಂಟೋದಲ್ಲ, ನೋಯೋದಲ್ಲ ಅಂದ್ರು ಡಾಕ್ಟರು. ಅವರಂದ್ರು ಅಂತ ಆಯ್ತಾ? ‘ತೊನ್ನು’ ಎರಡೇ ಅಕ್ಷರ, ಮನೇಲಿ ಹೇಳೋಕೆ ನಾಲಿಗೆ ಹೊರಳಲಿಲ್ಲ. ದಿನಾ ಇವ್ರು ಏಳೋಕೆ ಮುಂಚೆ ಈ ಕಿಟಕಿ ಬೆಳಕಲ್ಲಿ ನಿಂತು ಹಚ್ಕೋತೀನಿ. ಮೊನ್ನೆ ಬಾಟ್ಲಿ ಜಾರ್ತು. ಇಲ್ಲಿ ಕಲೆ ಉಳಿದ್ರೆ ದಿನಾ ಯಾರಾದ್ರೂ ಒಬ್ರು ಕೇಳ್ತಾರೆ. ಇವತ್ತೇ ಹೋಗ್ಬೇಕು.”

ಫೌಂಡೇಶನ್ನು. ಕೊನೆಗೂ ಒಂದು ನಿಜ ಕೈಗೆ ಸಿಕ್ಕಿತು. ಡ್ರೈಕ್ಲೀನಿಂಗ್ ದ್ರವ ಬೇಕು. ಮೂಗಣ್ಣ ನಾಲ್ಕು ಬಾಟಲಿಗಳ ಮುಂದೆ ಕೈಚಾಚಿ ಹಾಗೇ ಕೂತುಬಿಟ್ಟ. ಎದುರಿಗೆ ಇಷ್ಟು ದೊಡ್ಡ ಗುಟ್ಟು ಬಿಚ್ಚಿಟ್ಟವರ ಮುಂದೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

“ಸಾರ್, ಇದ್ರಲ್ಲಿ ಯಾವುದು ಯಾವುದು ಅಂತ ನನಗೆ ಗೊತ್ತಿಲ್ಲ. ಮೂರು ವಾರದಿಂದ ಮೂಗು ಸತ್ತಿದೆ. ಮನೇಲೂ ಹೇಳಿಲ್ಲ.”

ಮಾವ ನಗಲಿಲ್ಲ. ಒಂದು ಬಾಟಲಿ ಎತ್ತಿ, ಹಿಂದೆ ಪ್ರೂಫ್ ಹಾಳೆ ಎತ್ತುತ್ತಿದ್ದ ಹಾಗೆ ಕಿಟಕಿಯ ಬೆಳಕಿಗೆ ತಲೆಯ ಮೇಲಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿದರು.

“ಗೊತ್ತಿಲ್ಲ ಅಂತೀಯಲ್ಲಯ್ಯ. ಅಡೀಲಿ ಬರೆದಿದೆಯಲ್ಲ, ‘ಸ್ಪಿರಿಟ್’ ಅಂತ.”

ಮೂಗಣ್ಣ ಕಸಿದುಕೊಂಡು ನೋಡಿದ. ಬಾಟಲಿಯ ತಳದಲ್ಲಿ ಹೆಬ್ಬೆರಳ ಉಗುರಿನಷ್ಟು ಚೀಟಿ, ಮೇಲೆ ಪಾರದರ್ಶಕ ಟೇಪು. ಉಳಿದ ಮೂರನ್ನೂ ಮುಚ್ಚಳ ಬಿಗಿದು ಬೋರಲು ಹಾಕಿ ನೋಡಿದ. ಮೂರಕ್ಕೂ ಇತ್ತು. ವಿಳಾಸದ ಪುಸ್ತಕದಲ್ಲಿ ದಿನಾ ನೋಡುವ, ಬಲಕ್ಕೆ ವಾಲುವ ಅಕ್ಷರ.

“ನಿನ್ನ ಹೆಂಡ್ತಿದಾ?” ಎಂದರು ಮಾವ. “ಟೇಪಿನ ಅಂಚು ಕೊಳೆಯಾಗಿದೆ. ಅಂಟಿಸಿ ಹತ್ತು ಹದಿನೈದು ದಿನ ಆಗಿರ್ಬೇಕು.”

ಮೂಗಣ್ಣನಿಗೆ ಕೂತುಕೊಳ್ಳಬೇಕು ಅನ್ನಿಸಿತು. ಆಗಲೇ ಕೂತಿದ್ದ. “ಅವಳಿಗೆ ಗೊತ್ತಿದೆ ಸಾರ್. ಗೊತ್ತಿದ್ದೂ ಗೊತ್ತಿಲ್ಲದ ಹಾಗಿದಾಳೆ. ಈಗ ಅವಳಿಗೆ ಗೊತ್ತಿದೆ ಅಂತ ನನಗೆ ಗೊತ್ತಾಯ್ತು ಅಂತ ಹೇಳ್ಬೇಕಾ, ಬೇಡ್ವಾ?”

“ಮೊದಲು ಕಲೆ ತೆಗಿ,” ಎಂದರು ಮಾವ.

ಕೈಗೆ ಮೂಗಿನ ಹಂಗಿರಲಿಲ್ಲ. ಮೊದಲು ಸೋಫಾದ ಕೆಳಗೆ ಕಾಣದ ಮೂಲೆಯಲ್ಲಿ ಡ್ರೈಕ್ಲೀನಿಂಗ್ ದ್ರವದ ಒಂದು ಹನಿ ಒತ್ತಿ, ಕಾರ್ಪೆಟ್ಟಿನ ಬಣ್ಣ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಒಣಗಿ ಗಟ್ಟಿಯಾದದ್ದನ್ನು ಚಮಚದ ಬೆನ್ನಿನಿಂದ ಕೆರೆದ. ದ್ರವವನ್ನು ಕಾರ್ಪೆಟ್ಟಿಗೆ ಸುರಿಯದೆ ಬಿಳಿ ಟವಲಿಗೆ ಹಾಕಿ, ಅಂಚಿನಿಂದ ನಡುವಿಗೆ ಒತ್ತುತ್ತ ಬಂದ. ಉಜ್ಜಲಿಲ್ಲ, ಬರೀ ಒತ್ತಿದ. ಟವಲಿನ ಮೇಲೆ ಕಂದು ಏಳತೊಡಗಿತು. ಮಡಿಕೆ ಬದಲಿಸಿದ, ಮತ್ತೆ ಒತ್ತಿದ. ಮಾವ ಎದುರಿಗೆ ಕೂತು ಒಣ ಟವಲು ಕೊಡುತ್ತ, ಉಳಿದ ಚುಕ್ಕೆಗಳನ್ನು ಅಕ್ಷರದೋಷ ತೋರಿಸಿದ ಹಾಗೆ ಒಂದೊಂದಾಗಿ ತೋರಿಸುತ್ತಿದ್ದರು. ಆಮೇಲೆ ಸೋಪುನೀರು, ಆಮೇಲೆ ಬರೀ ನೀರು. ಮುಕ್ಕಾಲು ಗಂಟೆಯಲ್ಲಿ ಅಲ್ಲಿ ಒದ್ದೆ ಬಿಟ್ಟು ಬೇರೇನೂ ಉಳಿಯಲಿಲ್ಲ.

“ಇದಕ್ಕೂ ಒಂದು ಬಾಟ್ಲಿ ಇದೆಯೇನಯ್ಯ?” ಮಾವ ಕತ್ತು ಮುಟ್ಟಿಕೊಂಡು, ತಮಾಷೆಯೋ ನಿಜವೋ ತಿಳಿಯದ ಹಾಗೆ ಕೇಳಿದರು.

“ನಂದು ಕಲೆ ತೆಗೆಯೋ ಕೆಲಸ ಸಾರ್. ಅದು ಕಲೆ ಅಲ್ವಲ್ಲ.”

ಮಾವ ಮಫ್ಲರು ಕೈಗೆತ್ತಿಕೊಂಡರು. ಸುತ್ತಿಕೊಳ್ಳಲಿಲ್ಲ, ಬಿಸಾಡಲೂ ಇಲ್ಲ. ಹಾಗೇ ಹಿಡಿದು ಕೂತರು.

ಹೊರಡುವಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ತಡೆದರು. “ಸೊಸೆಗೆ ಹೇಳ್ಲಿಲ್ಲ ತಾನೇಪ್ಪಾ?” ಚಪ್ಪಲಿ ಹಾಕಿಕೊಳ್ಳುವಾಗ ಸೊಸೆ ಬಗ್ಗಿದಳು. “ಅತ್ತೆಗೆ ಹೇಳ್ಲಿಲ್ಲ ಅಲ್ವಾ?” ಮೂಗಣ್ಣ ಇಬ್ಬರಿಗೂ ತಲೆಯಾಡಿಸಿದ. ಹೌದು ಎಂದೋ ಇಲ್ಲ ಎಂದೋ ಅವನಿಗೇ ತಿಳಿಯಲಿಲ್ಲ.

ವ್ಯಾನಿನ ಹತ್ತಿರ ಬಂದ ಮೇಲೆ ಚಮಚ ಮರೆತದ್ದು ನೆನಪಾಯಿತು. ಮತ್ತೆ ಮೂರು ಮಹಡಿ ಹತ್ತಿದ. ಬಾಗಿಲು ಅರ್ಧ ತೆರೆದೇ ಇತ್ತು. ಮಾವ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು, ಮಫ್ಲರು ತೊಡೆಯ ಮೇಲೆ, ಮೇಲಿನ ಎರಡು ಗುಂಡಿ ಬಿಚ್ಚಿ. ಅತ್ತೆ ಅವರ ಗಲ್ಲ ಹಿಡಿದು ಕತ್ತನ್ನು ಬೆಳಕಿಗೆ ತಿರುಗಿಸಿದ್ದರು. ಸೊಸೆಯ ಕೈಯಲ್ಲಿ ಆ ಗಾಜಿನ ಬಾಟಲಿ.

“ಮಾವ, ಇದು ನಿಮ್ಮ ಬಣ್ಣಕ್ಕಿಂತ ಎಷ್ಟೋ ಗಾಢ. ಹಚ್ಕೊಂಡ ದಿನವೆಲ್ಲಾ ದೂರದಿಂದ್ಲೇ ಗೊತ್ತಾಗ್ತಿತ್ತು. ನಿಮಗೆ ಮುಜುಗರ ಆಗ್ಬಾರ್ದು ಅಂತ ನೇಲ್ ಪಾಲಿಶ್ ಅಂದೆ.”

“ನಿಂಗೂ ಗೊತ್ತಿತ್ತೇನೇ?” ಎಂದರು ಅತ್ತೆ. ಮಾತು ಎಳೆಯುವುದನ್ನೇ ಮರೆತಿದ್ದರು.

“ನಿಮಗೂ ಗೊತ್ತಿತ್ತಾ ಅತ್ತೆ?”

ಮಾವ ಇವಳನ್ನೊಮ್ಮೆ ಅವಳನ್ನೊಮ್ಮೆ ನೋಡಿದರು, ಆರು ತಿಂಗಳು ತಾವೇ ತಿದ್ದಿದ ಹಾಳೆ ಮೊದಲೇ ಅಚ್ಚಾಗಿ ಮನೆಮನೆಗೆ ಹಂಚಿಹೋಗಿತ್ತು ಎಂದು ಈಗ ತಿಳಿದವರ ಹಾಗೆ. ಮೂಗಣ್ಣ ಚಮಚ ಬಿಟ್ಟು ಬೆಕ್ಕಿನ ಹೆಜ್ಜೆಯಲ್ಲಿ ಕೆಳಗಿಳಿದ.

ವ್ಯಾನಿನಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದ.

“ಕೆಲಸ ಆಯ್ತೇನ್ರೀ?”

“ಆಯ್ತು. ಸಂಜೆ ಡಾಕ್ಟರ ಹತ್ರ ಹೋಗೋಣ ಅಂತಿದೀನಿ.”

“ಯಾಕ್ರೀ, ಏನಾಯ್ತು?”

ಆ ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಚೀಟಿಯ ಅಕ್ಷರ ನಿಜವಾಗಿ ಅವಳದೇನಾ ಎಂದು ಒಂದು ಕ್ಷಣ ಮೂಗಣ್ಣನಿಗೇ ಗೊಂದಲವಾಯಿತು. ಪೆಟ್ಟಿಗೆ ತೆರೆದು ಒಂದು ಬಾಟಲಿ ಮತ್ತೆ ಬೋರಲು ಮಾಡಿದ. ಅವಳದೇ.

“ಮೂಗು ಹೋಗಿದೆ ಕಣೇ. ವಾಸನೆ ಬರಲ್ಲ. ಮೂರು ವಾರ ಆಯ್ತು.”

ಆ ಕಡೆಯಿಂದ ಕುರ್ಚಿ ಎಳೆದು ಕೂತ ಸದ್ದು ಬಂತು.

“ಸೀದುಹೋದ ಹಾಲಿನ ಕಾಫಿ ಕುಡಿದು ‘ಇವತ್ತು ಚೆನ್ನಾಗಿದೆ’ ಅಂದ್ರಲ್ಲ, ಅವತ್ತೇ ಬಾಟ್ಲಿಗಳ ಅಡಿಗೆ ಅಂಟಿಸಿದೆ. ಮೇಲೆ ಅಂಟಿಸಿದ್ರೆ ನಿಮಗೆ ಆಗ್ತಿರ್ಲಿಲ್ಲ. ಡಾಕ್ಟರ ಹತ್ರ ಹೆಸರು ಬರೆಸಿ ಹತ್ತು ದಿನ ಆಯ್ತು. ನೀವು ಹೇಳ್ತೀರಿ, ಹೇಳ್ತೀರಿ ಅಂತ ದಿನಾ ನಾಳೆಗೆ ಹಾಕಿಸ್ತಿದೀನಿ. ಅವ್ರಿಗೂ ಸಾಕಾಗಿದೆ. ಐದು ಗಂಟೆಗೆ ಬನ್ನಿ.”